ಪ್ರಕಾಶಕರೇ ಕೇಳಿ ಬಂದಾಗ ಏಜೆಂಟ್ ಬೇಕೇ? ನನ್ನ ಅನುಭವ

ನನ್ನ ಕಥಾಸಂಕಲನದ ಇಂಗ್ಲಿಷ್ ಅನುವಾದವನ್ನು ತರುತ್ತೇವೆಂದು ದೆಹಲಿಯ ಪ್ರಕಾಶನ ಸಂಸ್ಥೆಯೊಂದು ಕೇಳಿದಾಗ ಗೆಳೆಯರಿಂದ ಎರಡು ಬಗೆಯ ಸಲಹೆ ಬಂತು. ‘ತಾವಾಗಿಯೇ ಬಂದಿದ್ದಾರೆ, ತಡಮಾಡದೆ ಸಹಿ ಹಾಕಿ’ ಎಂದರು ಕೆಲವರು. ‘ಏಜೆಂಟ್ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ’ ಎಂದರು ಇನ್ನು ಕೆಲವರು. ಲೇಖಕರ ಪರವಾಗಿ ಪ್ರಕಾಶಕರೊಡನೆ ಮಾತನಾಡಿ, ಹಕ್ಕುಗಳನ್ನು ಮಾರಿಕೊಟ್ಟು, ಬಂದ ಹಣದಲ್ಲಿ ಪಾಲು ಪಡೆಯುವವರೇ ಈ ಏಜೆಂಟರು. ನಾನು ಹಿಡಿದ ದಾರಿ ಬೇರೆ. ಭಾರತದ ಆವೃತ್ತಿಯ ಕರಾರನ್ನು ವಕೀಲರೊಬ್ಬರ ನೆರವಿನಿಂದ ನಾನೇ ಮಾತನಾಡಿ ಮುಗಿಸಿದೆ. ಹೊರದೇಶದ ಹಕ್ಕು, ಸಿನಿಮಾ ಹಕ್ಕುಗಳನ್ನು ನನ್ನಲ್ಲೇ ಉಳಿಸಿಕೊಂಡು, ಅವುಗಳಿಗೆ ಮಾತ್ರ ಏಜೆಂಟರನ್ನು ನೇಮಿಸಿಕೊಂಡೆ. ಹೀಗೆ ಮಾಡಿದ್ದು ಸರಿ ಎಂದು ಇವತ್ತಿಗೂ ನಂಬಿದ್ದೇನೆ.

ಕನ್ನಡದಲ್ಲಿ ಬರೆಯುವವರಿಗೆ ಏಜೆಂಟರ ಪರಿಚಯವೇ ಇರುವುದಿಲ್ಲ. ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರ ಕೈಗೆ ಕೊಡುತ್ತೇವೆ. ಗೌರವ ಪ್ರತಿಗಳು ಮನೆಗೆ ಬರುತ್ತವೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕ ಆಯ್ಕೆಯಾದರೆ ರಾಯಧನದ ಮಾತು ಮುನ್ನೆಲೆಗೆ ಬರುತ್ತದೆ. ಲೆಕ್ಕ ಹಾಕಿ ನೋಡಿ. 200 ರೂಪಾಯಿ ಬೆಲೆಯ ಪುಸ್ತಕದ ಸಾವಿರ ಪ್ರತಿಗಳೂ ಮಾರಾಟವಾಗಿ, ಮುಖಬೆಲೆಯ ಮೇಲೆ ಶೇ. 10ರಷ್ಟು ರಾಯಧನ ಪೂರ್ತಿಯಾಗಿ ಸಂದರೆ ಲೇಖಕರಿಗೆ ಸಿಗುವುದು 20,000 ರೂಪಾಯಿ. ಏಜೆಂಟರ ವಾಡಿಕೆಯ ಪಾಲು ಶೇ. 15. ಅಂದರೆ 3,000 ರೂಪಾಯಿ. ಅಷ್ಟಕ್ಕಾಗಿ ಯಾರೂ ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆಸುವುದಿಲ್ಲ, ನಡೆಸಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಕನ್ನಡ ಆವೃತ್ತಿಯ ಮಟ್ಟಿಗೆ ಏಜೆಂಟರ ಪ್ರಶ್ನೆ ಇಲ್ಲಿಗೇ ಮುಗಿಯುತ್ತದೆ.

ಇಂಗ್ಲಿಷಿಗೆ ಹೋಗುವಾಗ ಮೊದಲು ಬಂದ ಪ್ರಶ್ನೆ, ಅನುವಾದದ ಹಕ್ಕು ನಿಜಕ್ಕೂ ನನ್ನ ಬಳಿ ಇದೆಯೇ ಎಂಬುದು. ಕನ್ನಡದ ಪುಸ್ತಕ ಬಾಯಿಮಾತಿನ ಮೇಲೆ ಅಚ್ಚಾಗಿತ್ತು. ಒಳಪುಟದಲ್ಲಿ ‘ಹಕ್ಕುಗಳು: ಲೇಖಕರದು’ ಎಂಬ ಸಾಲೊಂದು ಬಿಟ್ಟರೆ ಬೇರೆ ಕಾಗದವಿರಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ಸಹಿ ಇರಬೇಕು. ಹಾಗಾಗಿ ಹಕ್ಕು ನನ್ನಲ್ಲೇ ಇತ್ತು. ಆದರೂ ದೆಹಲಿಯವರು ಪುರಾವೆ ಕೇಳಿದರು. ನನ್ನ ಪ್ರಕಾಶಕರಿಗೆ ಫೋನ್ ಮಾಡಿದೆ. ‘ಅನುವಾದದ ಹಕ್ಕು ಯಾವತ್ತಿಗೂ ನಿಮ್ಮದೇ ಮೇಡಂ, ಪತ್ರ ಬೇಕಿದ್ದರೆ ನಾಳೆಯೇ ಕಳಿಸುತ್ತೇನೆ’ ಎಂದರು. ಕಳಿಸಿದರು. ಅವರ ಲೆಟರ್‌ಹೆಡ್‌ನಲ್ಲಿದ್ದ ನಾಲ್ಕು ಸಾಲು ಮುಂದೆ ಎಲ್ಲ ಮಾತುಕತೆಗೂ ಬುನಾದಿಯಾಯಿತು. ಅನುವಾದದ ಮಾತು ಬಂದ ಕೂಡಲೇ ಇಂಥ ಪತ್ರವೊಂದನ್ನು ಪಡೆದಿಟ್ಟುಕೊಳ್ಳಿ ಎಂದು ಕಿರಿಯ ಲೇಖಕರಿಗೆಲ್ಲ ಹೇಳುತ್ತಿರುತ್ತೇನೆ.

ಆಮೇಲೆ ಕರಾರಿನ ಕರಡು ಬಂತು. ಹಲವು ಪುಟಗಳ ಆ ಕರಡಿನಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಎರಡನೆಯ ಷರತ್ತನ್ನು. ಜಗತ್ತಿನಾದ್ಯಂತ, ಎಲ್ಲ ಭಾಷೆಗಳಲ್ಲಿ, ಎಲ್ಲ ರೂಪಗಳಲ್ಲಿ, ಹಕ್ಕುಸ್ವಾಮ್ಯ ಇರುವವರೆಗೂ ಎಲ್ಲ ಹಕ್ಕುಗಳನ್ನೂ ಲೇಖಕರು ಪ್ರಕಾಶಕರಿಗೆ ವಹಿಸಿಕೊಡುತ್ತಾರೆ ಎಂದಿತ್ತು. ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಅದರಾಚೆ 60 ವರ್ಷ ಇರುತ್ತದೆ. ಎಂದರೆ ನನ್ನ ಕಥೆಗಳ ಮಲಯಾಳಂ ಅನುವಾದ, ಆಡಿಯೊ ಪುಸ್ತಕ, ಲಂಡನ್ ಆವೃತ್ತಿ, ಸಿನಿಮಾ ಎಲ್ಲದರ ನಿರ್ಧಾರವೂ ನನ್ನ ಮೊಮ್ಮಕ್ಕಳ ಕಾಲದವರೆಗೆ ಆ ಒಂದು ಕಚೇರಿಯಲ್ಲೇ ಆಗಬೇಕು. ಕಾಯ್ದೆ ಲೇಖಕರ ಬಗ್ಗೆ ಇದಕ್ಕಿಂತ ಹೆಚ್ಚು ಕಾಳಜಿ ತೋರಿದೆ. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷ, ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಮಾತ್ರ ಎಂದು ಅದು ಭಾವಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೇ ಹೋದರೆ ಅದು ರದ್ದಾಗುತ್ತದೆ. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಈ ರಕ್ಷಣೆ ಸಿಗದು. ನನ್ನ ಕರಡಿನ ಕೊನೆಯ ಪುಟದಲ್ಲಿ, ಬಳಸದ ಹಕ್ಕು ರದ್ದಾಗುತ್ತದೆ ಎನ್ನುವ 19ನೇ ಸೆಕ್ಷನ್ನಿನ ಉಪವಿಧಿ ಈ ಕರಾರಿಗೆ ಅನ್ವಯಿಸುವುದಿಲ್ಲ ಎಂಬ ಒಂದೇ ಒಂದು ಸಾಲಿತ್ತು. ಅದನ್ನು ತೋರಿಸಿಕೊಟ್ಟವರು ವಕೀಲರು. ಅವರಿಗೆ ಒಂದೇ ಬಾರಿಯ ಶುಲ್ಕ ಕೊಟ್ಟೆ, ರಾಯಧನದಲ್ಲಿ ಪಾಲಿಲ್ಲ. ಹಕ್ಕುಸ್ವಾಮ್ಯದ ಕೆಲಸ ಬಲ್ಲ ವಕೀಲರನ್ನೇ ಹುಡುಕಬೇಕು, ಆಸ್ತಿ ವ್ಯಾಜ್ಯ ನೋಡುವವರಿಂದ ಇದು ಆಗುವುದಿಲ್ಲ.

ಇದೇ ಹೊತ್ತಿಗೆ ಒಬ್ಬ ಏಜೆಂಟರಿಗೂ ಇಮೇಲ್ ಬರೆದೆ. ಪ್ರಕಾಶಕರ ಪ್ರಸ್ತಾಪ ಕೈಯಲ್ಲಿದ್ದಾಗ ಏಜೆಂಟರು ಬೇಗ ಉತ್ತರಿಸುತ್ತಾರೆ, ಅವರ ಅರ್ಧ ಕೆಲಸ ಅದಾಗಲೇ ಆಗಿರುತ್ತದೆ. ಬ್ರಿಟನ್, ಅಮೆರಿಕಗಳಲ್ಲಿ ದೊಡ್ಡ ಪ್ರಕಾಶಕರು ಸಾಮಾನ್ಯವಾಗಿ ಏಜೆಂಟರ ಮೂಲಕ ಬಂದ ಹಸ್ತಪ್ರತಿಗಳನ್ನು ಮಾತ್ರ ನೋಡುತ್ತಾರೆ. ಭಾರತದಲ್ಲಿ ಕೆಲವು ದೊಡ್ಡ ಸಂಸ್ಥೆಗಳ ಬಾಗಿಲೂ ಲೇಖಕರಿಗೆ ನೇರವಾಗಿ ತೆರೆದಿರುತ್ತದೆ. ಆ ಏಜೆಂಟರು ಫೋನಿನಲ್ಲಿ ನೇರವಾಗಿ ಹೇಳಿದರು: ‘ಭಾರತದ ಆವೃತ್ತಿಗೆ ನಾನು ನಡುವೆ ಬಂದರೆ ಮುಂಗಡ ಸ್ವಲ್ಪ ಹೆಚ್ಚಬಹುದು, ಅಷ್ಟೇ. ಆದರೆ ಜಗತ್ತಿನ ಹಕ್ಕನ್ನೆಲ್ಲ ಕೊಟ್ಟುಬಿಟ್ಟರೆ ನಾಳೆ ನಿಮಗಾಗಿ ಮಾರಲು ನನ್ನ ಬಳಿ ಏನೂ ಉಳಿಯುವುದಿಲ್ಲ.’ ಏಜೆಂಟ್ ಬೇಕೇ ಎಂಬ ಪ್ರಶ್ನೆಗಿಂತ ಮೊದಲು, ಯಾವ ಹಕ್ಕಿಗೆ ಬೇಕು ಎಂದು ಕೇಳಿಕೊಳ್ಳಬೇಕೆಂಬುದು ಆಗ ಸ್ಪಷ್ಟವಾಯಿತು. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬುಕರ್ ಗೆದ್ದದ್ದನ್ನೇ ನೋಡಿ. ಬ್ರಿಟನ್ನಿನಲ್ಲಿ ಆ ಪುಸ್ತಕವನ್ನು ತಂದದ್ದು ಆ್ಯಂಡ್ ಅದರ್ ಸ್ಟೋರೀಸ್, ಭಾರತದಲ್ಲಿ ಪೆಂಗ್ವಿನ್. ಒಂದೇ ಅನುವಾದ, ಎರಡು ಪ್ರದೇಶ, ಇಬ್ಬರು ಪ್ರಕಾಶಕರು.

ಮಾತುಕತೆಯಲ್ಲಿ ನಾನು ಪಟ್ಟು ಹಿಡಿದದ್ದು ಕೆಲವಕ್ಕೆ ಮಾತ್ರ. ಪ್ರದೇಶವನ್ನು ಭಾರತ ಉಪಖಂಡಕ್ಕೆ, ಭಾಷೆಯನ್ನು ಇಂಗ್ಲಿಷಿಗೆ ಸೀಮಿತಗೊಳಿಸಿದೆವು. ಸಿನಿಮಾ, ಧಾರಾವಾಹಿ, ಇತರ ಭಾಷೆಗಳ ಹಕ್ಕು ನನ್ನಲ್ಲೇ ಉಳಿಯಿತು. ಆಡಿಯೊ ಹಕ್ಕನ್ನು ಅವರು ಬಿಡಲಿಲ್ಲ, ನಾನೂ ಹಟ ಮಾಡಲಿಲ್ಲ. ಸಹಿಯಾದ 18 ತಿಂಗಳೊಳಗೆ ಪುಸ್ತಕ ಬರದಿದ್ದರೆ ಹಕ್ಕು ನನಗೆ ಮರಳಬೇಕು ಎಂದು ಬರೆಸಿದೆ. ನನ್ನ ಮುಂದಿನ ಕೃತಿಯನ್ನು ಮೊದಲು ಅವರಿಗೇ ತೋರಿಸಬೇಕೆಂಬ ಷರತ್ತನ್ನು ತೆಗೆಸಿದೆ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ರಾಯಧನದ ಆಧಾರ. ಕರಡಿನಲ್ಲಿ ಶೇ. 10 ಎಂದೇ ಇತ್ತು, ಆದರೆ ಪ್ರಕಾಶಕರಿಗೆ ಬಂದ ನಿವ್ವಳ ಮೊತ್ತದ ಮೇಲೆ. 399 ರೂಪಾಯಿ ಬೆಲೆಯ ಪುಸ್ತಕ ಮಾರಾಟಗಾರರಿಗೆ ಅರ್ಧ ಬೆಲೆಗೆ ಹೋದರೆ ಪ್ರಕಾಶಕರ ಕೈಗೆ ಬರುವುದು ಸುಮಾರು 200 ರೂಪಾಯಿ. ರಾಯಧನ 20 ರೂಪಾಯಿ. ಅದೇ ಮುಖಬೆಲೆಯ ಮೇಲಾದರೆ 40. ಅನುವಾದಕಿಯೂ ನಾನೂ ಸಮಪಾಲು ಮಾಡಿಕೊಳ್ಳುವುದೆಂದು ಮೊದಲೇ ಮಾತಾಗಿತ್ತು. ಹಾಗಾಗಿ ಒಬ್ಬೊಬ್ಬರಿಗೆ ಪ್ರತಿಯೊಂದಕ್ಕೆ 10 ರೂಪಾಯಿಯೋ 20 ರೂಪಾಯಿಯೋ ಎಂಬುದು ಆ ಒಂದೇ ಪದದ ಮೇಲೆ ನಿಂತಿತ್ತು. ಮುದ್ರಿತ ಪುಸ್ತಕಕ್ಕೆ ಮುಖಬೆಲೆ, ಇ-ಪುಸ್ತಕಕ್ಕೆ ನಿವ್ವಳ ಎಂದು ಕೊನೆಗೆ ಒಪ್ಪಿಕೊಂಡರು. ‘ಅಕ್ಕಾ, ಬೇರೆ ಪುಸ್ತಕಗಳಿಗೂ ಇನ್ನು ಮೇಲೆ ಇದನ್ನೇ ಕೇಳುತ್ತೇನೆ’ ಎಂದಳು ಅನುವಾದಕಿ. ಮುಖಪುಟದಲ್ಲಿ ಅವಳ ಹೆಸರಿರಬೇಕೆಂಬುದನ್ನೂ ಕರಾರಿನಲ್ಲೇ ಸೇರಿಸಿದೆವು.

ಪುಸ್ತಕ ಅಲಭ್ಯವಾದರೆ ಹಕ್ಕು ಲೇಖಕರಿಗೆ ಮರಳುತ್ತದೆ ಎಂಬ ಹಳೆಯ ಷರತ್ತನ್ನು ಇವತ್ತು ಹಾಗೆಯೇ ಬಿಡಬಾರದು. ಇ-ಪುಸ್ತಕ ಇರುವವರೆಗೆ, ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕುವ ವ್ಯವಸ್ಥೆ ಇರುವವರೆಗೆ ಯಾವ ಪುಸ್ತಕವೂ ಅಲಭ್ಯವಾಗುವುದಿಲ್ಲ. ವರ್ಷದ ಮಾರಾಟ ಇಂತಿಷ್ಟು ಪ್ರತಿಗಳಿಗಿಂತ ಕೆಳಗಿಳಿದರೆ ಹಕ್ಕು ಮರಳಬೇಕು ಎಂದು ಸಂಖ್ಯೆಯನ್ನೇ ಬರೆಸಬೇಕು.

ಇಷ್ಟೆಲ್ಲ ಆದ ಮೇಲೆ ಅದೇ ಏಜೆಂಟರ ಜೊತೆ ಬೇರೆ ಕರಾರು ಮಾಡಿಕೊಂಡೆ. ಲಂಡನ್ನಿನಲ್ಲಿ ಯಾವ ಸಂಪಾದಕರಿಗೆ ಸಣ್ಣಕಥೆ ಇಷ್ಟ, ಯಾವ ಸಂಸ್ಥೆ ಅನುವಾದಗಳನ್ನು ಮನಸ್ಸಿಟ್ಟು ಮಾರುತ್ತದೆ ಎಂಬುದು ಮೈಸೂರಿನಲ್ಲಿ ಕುಳಿತ ನನಗೆ ತಿಳಿಯುವಂಥದ್ದಲ್ಲ, ವಕೀಲರಿಗೂ ಅಲ್ಲ. ಆ ತಿಳಿವಳಿಕೆಗೆ ಕೊಡುವ ಶೇ. 15 ನನ್ನ ಮಟ್ಟಿಗೆ ಯೋಗ್ಯವಾದ ಹಣ. ಹೊರದೇಶದಲ್ಲಿ ಇನ್ನೊಬ್ಬ ಏಜೆಂಟರು ಸೇರಿದರೆ ಅದು ಶೇ. 20. ಹಕ್ಕು ಮಾರಾಟವಾದರೆ ಮಾತ್ರ ಪಾಲು, ಮುಂಚೆ ಒಂದು ರೂಪಾಯಿಯೂ ಇಲ್ಲ. ಹಸ್ತಪ್ರತಿ ಓದುವುದಕ್ಕೇ ಶುಲ್ಕ ಕೇಳುವವರಿಂದ ದೂರವಿರಿ. ನಾನೇ ಮಾತನಾಡಿ ಮುಗಿಸಿದ್ದ ಭಾರತದ ಆವೃತ್ತಿಯ ರಾಯಧನದಲ್ಲಿ ಅವರಿಗೆ ಪಾಲಿಲ್ಲ, ಮೂರು ತಿಂಗಳ ನೋಟಿಸ್ ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಕರಾರು ಮುಗಿಸಬಹುದು ಎಂಬೆರಡು ಮಾತುಗಳನ್ನೂ ಅದರಲ್ಲಿ ಬರೆಸಿದೆ.

ಹೊಸ ಕಾದಂಬರಿಯನ್ನು ಎಂದಿನಂತೆ ನನ್ನ ಕನ್ನಡ ಪ್ರಕಾಶಕರಿಗೇ ನೇರವಾಗಿ ಕೊಟ್ಟಿದ್ದೇನೆ. ಈ ಸಲ ಎರಡು ಪುಟದ ಕರಾರನ್ನು ಕನ್ನಡದಲ್ಲೇ ಬರೆದುಕೊಂಡೆವು: ಕನ್ನಡ ಮುದ್ರಣದ ಹಕ್ಕು ಐದು ವರ್ಷ ಅವರದು, ಉಳಿದ ಹಕ್ಕುಗಳೆಲ್ಲ ಲೇಖಕಿಯದು.