ಪಾಲಿಮರ್ ಕಣಗಳ ಹೊಳಪಲ್ಲ, ಅಂಟೇ ತಲೆನೋವು: ನನ್ನ ಅನುಭವ

ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಲು ನಾನು ಬಳಸುವುದು ಎಫ್8ಬಿಟಿ ಎಂಬ ಬೆಳಕು ಸೂಸುವ ಪಾಲಿಮರ್‌ನಿಂದ ಮಾಡಿದ ನ್ಯಾನೋಕಣ; ಅದು ಬೇಕಾದಷ್ಟು ಹೊಳೆಯುತ್ತದೆ. 455 ನ್ಯಾನೋಮೀಟರ್ ಸುಮಾರಿನ ನೀಲಿ ಬೆಳಕು ಹೀರಿ 540ರ ಆಸುಪಾಸಿನಲ್ಲಿ ಹಳದಿ-ಹಸಿರು ಬೆಳಗುತ್ತದೆ. ತುಮಕೂರಿನ ನಮ್ಮ ಲ್ಯಾಬ್‌ನಲ್ಲಿ ಚಿತ್ರ ಕೆಟ್ಟಾಗಲೆಲ್ಲ ಕಾರಣ ಎರಡೇ: ಕಣಗಳು ಗುಂಪುಗಟ್ಟಿರುತ್ತವೆ, ಇಲ್ಲವೇ ಬೇಡದ ಕಡೆ ಅಂಟಿರುತ್ತವೆ.

ಟಿಎಚ್‌ಎಫ್ ಎಂಬ ದ್ರಾವಕದಲ್ಲಿ ಎಫ್8ಬಿಟಿ ಮಿಲಿಲೀಟರ್‌ಗೆ 50 ಮೈಕ್ರೋಗ್ರಾಂ, ಪಿಎಸ್‌ಎಂಎ (ಕಣದ ಮೈಗೆ ಕಾರ್ಬಾಕ್ಸಿಲ್ ಗುಂಪು ಕೊಡುವ ಇನ್ನೊಂದು ಪಾಲಿಮರ್) 10 ಮೈಕ್ರೋಗ್ರಾಂ ಇರುವಂತೆ ಕಲಸುತ್ತೇನೆ. ಅದರಲ್ಲಿ 5 ಮಿಲಿಯನ್ನು ಸೋನಿಕೇಟರ್‌ನಲ್ಲಿ (ಶಬ್ದತರಂಗದಿಂದ ಕಲಕುವ ಯಂತ್ರ) ಕೂತ 10 ಮಿಲಿ ನೀರಿಗೆ ಸಿರಿಂಜ್‌ನಿಂದ ಒಂದೇ ಏಟಿಗೆ ಚಿಮ್ಮಬೇಕು. ತೊಟ್ಟು ತೊಟ್ಟಾಗಿ ಬಿಟ್ಟರೆ ಗಾತ್ರ ಏರುಪೇರು. ಏಪ್ರಿಲ್ ಸೆಕೆಯಲ್ಲಿ ಬಾಟಲಿ ಮುಚ್ಚಳ ತೆಗೆದಿಟ್ಟರೂ ಅಷ್ಟೆ, ಟಿಎಚ್‌ಎಫ್ ಹಾರಿಹೋಗಿ ದ್ರಾವಣ ಗಟ್ಟಿಯಾಗುತ್ತದೆ, ಕಣ ದಪ್ಪಗಾಗುತ್ತದೆ. ಆಮೇಲೆ ಫ್ಯೂಮ್ ಹುಡ್‌ನಲ್ಲಿ 90 ಡಿಗ್ರಿ ಹಾಟ್‌ಪ್ಲೇಟ್ ಮೇಲೆ ನೈಟ್ರೋಜನ್ ಹಾಯಿಸುತ್ತ 5 ಮಿಲಿಗೆ ಇಳಿಸಿ, 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುವುದು. ಟಿಎಚ್‌ಎಫ್ ಉಳಿದರೆ ಜೀವಕೋಶಕ್ಕೆ ವಿಷ. ಫಿಲ್ಟರ್‌ನ ಬಿಳಿ ಪೊರೆ ಹಳದಿಗೆ ತಿರುಗಿತೋ, ಗುಂಪುಗಟ್ಟಿದ ಕಣ ಅದರಲ್ಲಿ ಸಿಕ್ಕಿಬಿದ್ದಂತೆ; ಆ ಬ್ಯಾಚ್ ಕೈಬಿಡಿ.

ನೀರಿನ ವಿಷಯದಲ್ಲಿ ನಾನು ಹಟಮಾರಿ. ತುಮಕೂರು, ಕೋಲಾರದ ಕಡೆಯ ಬೋರ್‌ವೆಲ್ ನೀರು ಗಡಸು. ಶುದ್ಧೀಕರಣದ ಕಾರ್ಟ್ರಿಜ್ ಹಳತಾದರೆ ಕ್ಯಾಲ್ಸಿಯಂ ನುಸುಳುತ್ತದೆ. ಪಿಎಸ್‌ಎಂಎ ನೀರಿನಲ್ಲಿ ಒಡೆದು ಕೊಡುವ, ಋಣ ವಿದ್ಯುದಾವೇಶದ ಕಾರ್ಬಾಕ್ಸಿಲ್‌ಗಳೇ ಕಣಗಳನ್ನು ದೂರದೂರ ಇಡುವುದು. ಕ್ಯಾಲ್ಸಿಯಂ ಬಂದು ಅವನ್ನು ಕಣದಿಂದ ಕಣಕ್ಕೆ ಹೊಲಿದುಬಿಡುತ್ತದೆ. ನೀರಿನ ಶುದ್ಧತೆ ತೋರುವ ಮೀಟರ್‌ನಲ್ಲಿ 18.2 ಮೆಗಾಓಮ್ ಕಾಣದೆ ನಾನು ಕೆಲಸ ಶುರುಮಾಡುವುದಿಲ್ಲ.

ಇನ್ನು ಅಂಟಿನ ಮಾತು. ಕಣಕ್ಕೆ ಸ್ಟ್ರೆಪ್ಟಾವಿಡಿನ್ (ಬಯೋಟಿನ್ ಎಂಬ ಅಣುವನ್ನು ಬಿಗಿಯಾಗಿ ಹಿಡಿಯುವ ಪ್ರೋಟೀನ್) ಕಟ್ಟಬೇಕು. 4 ಮಿಲಿ ಕಣಕ್ಕೆ 5% ಪಿಇಜಿ (ಮೆತ್ತಿಕೊಳ್ಳುವುದನ್ನು ತಡೆಯುವ ಪಾಲಿಮರ್) 80 ಮೈಕ್ರೋಲೀಟರ್, 1 ಮೋಲಾರ್ ಹೆಪೀಸ್ (ಪಿಎಚ್ ಕಾಯುವ ಬಫರ್) 80 ಮೈಕ್ರೋಲೀಟರ್, ಮಿಲಿಗೆ 1 ಮಿಲಿಗ್ರಾಂನ ಸ್ಟ್ರೆಪ್ಟಾವಿಡಿನ್ 240 ಮೈಕ್ರೋಲೀಟರ್, ಕೊನೆಗೆ ಆಗಷ್ಟೇ ಕರಗಿಸಿದ ಇಡಿಸಿ (ಕಾರ್ಬಾಕ್ಸಿಲ್‌ಗೆ ಪ್ರೋಟೀನ್‌ನ ಅಮೈನ್ ಬೆಸೆಯುವ ರಾಸಾಯನಿಕ, ಮಿಲಿಗೆ 5 ಮಿಲಿಗ್ರಾಂ) 80 ಮೈಕ್ರೋಲೀಟರ್. ನಾಲ್ಕು ಗಂಟೆ ಕಲಕಿ. ಪಿಇಜಿ ಬಿಟ್ಟರೆ ಸ್ಟ್ರೆಪ್ಟಾವಿಡಿನ್ ಬಂಧವಾಗದೆ ಬರೀ ಮೈಗೆ ಮೆತ್ತಿಕೊಳ್ಳುತ್ತದೆ. ಹೆಪೀಸ್ ಬದಲು ಟ್ರಿಸ್ ಬಫರ್ ಬೇಡ, ಅದರ ಅಮೈನ್ ಕಾರ್ಬಾಕ್ಸಿಲ್‌ಗಳನ್ನು ತಾನೇ ಹಿಡಿಯುತ್ತದೆ. ಇಡಿಸಿ ಡಬ್ಬಿ ಫ್ರೀಜರ್‌ನಿಂದ ಬಂದ ಕೂಡಲೇ ತೆರೆದರೆ ತೇವ ಕೂತು ಸತ್ತುಹೋಗುತ್ತದೆ. ಕೋಣೆಯ ಬಿಸಿಗೆ ಬಂದಮೇಲೆ ತೆಗೆಯಿರಿ. ಕಟ್ಟಿಕೊಳ್ಳದ ಪ್ರೋಟೀನನ್ನು, ಗಾತ್ರ ನೋಡಿ ವಿಂಗಡಿಸುವ ಸೆಫಾಕ್ರಿಲ್ ಎಚ್‌ಆರ್-300 ಕಾಲಂನಲ್ಲಿ ಬೇರ್ಪಡಿಸಿ.

ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಿಗೆ, ಅವುಗಳ ಮೈಮೇಲಿನ ಎಪ್‌ಕ್ಯಾಮ್ ಪ್ರೋಟೀನನ್ನು ಹಿಡಿಯುವ, ಬಯೋಟಿನ್ ಇರುವ ಆಂಟಿಬಾಡಿ ಹಾಕಿ, ತೊಳೆದು, 1% ಬಿಎಸ್‌ಎ (ಅಂಟು ತಡೆಯುವ ಪ್ರೋಟೀನ್) ದ್ರಾವಣದಲ್ಲಿ ಕಣ ಕೊಡುತ್ತೇನೆ. ತಟ್ಟೆಯ ಪಕ್ಕದ ಬಾವಿಯಲ್ಲಿ (ಕೋಶ ಇಡುವ ಗುಳಿ) ಆಂಟಿಬಾಡಿ ಒಂದು ಬಿಟ್ಟು ಉಳಿದದ್ದೆಲ್ಲ ಅದೇ. ಅದೂ ಹೊಳೆದರೆ ನೀವು ನೋಡುತ್ತಿರುವುದು ಅಂಟು, ಎಪ್‌ಕ್ಯಾಮ್ ಅಲ್ಲ. ಏನೂ ಹಾಕದ ಇನ್ನೊಂದು ಬಾವಿಯೂ ಇರಲಿ, ಕೋಶದೊಳಗಿನ ಫ್ಲೇವಿನ್ ಎಂಬ ಸಹಜ ಅಣುಗಳೂ ಹಸಿರಲ್ಲೇ ಮಿನುಗುತ್ತವೆ.

ಉಳಿದ ಕಣಗಳನ್ನು 4 ಡಿಗ್ರಿಯಲ್ಲಿ, ಕತ್ತಲೆಯಲ್ಲಿ ಇಡಿ. ಫ್ರೀಜರ್‌ಗೆ ಮಾತ್ರ ಹಾಕಬೇಡಿ; ಹೆಪ್ಪುಗಟ್ಟಿ ಒಂದಾದ ಕಣಗಳನ್ನು ಸೋನಿಕೇಟರ್‌ಗೆ ಹಾಕಿದರೂ ಬಿಡಿಸುವುದು ಕಷ್ಟ.