ನಳದ ನೀರಿನಲ್ಲಿ ಕೋಲಿಫಾರ್ಮ್ ಇದೆಯೇ? ಪರೀಕ್ಷೆಗೆ ನೀರು ಹಿಡಿಯುವುದು ಹೀಗೆ

‘ನಳಕ್ಕ ಅರಿವಿ ಕಟ್ಟೇವಲ್ರೀ, ನೀರು ಸ್ವಚ್ಛ ಐತಿ’ ಎಂಬ ಮಾತು ಹುಬ್ಬಳ್ಳಿಯ ಓಣಿಗಳಲ್ಲಿ ಸಾಮಾನ್ಯ. ಅರಿವೆ ಮಣ್ಣು ತಡೆಯುತ್ತದೆ, ಬ್ಯಾಕ್ಟೀರಿಯಾ ತಡೆಯುವುದಿಲ್ಲ. ದಿನಗಟ್ಟಲೆ ನೀರು ಬಾರದಾಗ ಕೊಳವೆಯಲ್ಲಿ ಒತ್ತಡವಿರದೆ, ಸಡಿಲ ಜೋಡಣೆಯಲ್ಲಿ ಗಟಾರದ ಹೊಲಸು ಒಳಗೆ ಜಿನುಗುತ್ತದೆ. ಮಲಪ್ರಭೆಯ ನೀರನ್ನು ಶುದ್ಧ ಮಾಡಿಯೇ ಬಿಟ್ಟರೂ ಕೆಡುವುದು ಈ ದಾರಿಯಲ್ಲಿ. ಅವಳಿ ನಗರದಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟುಬಿಟ್ಟು ನೀರು ಬರುವ ಕಡೆಯ ಮಾದರಿಗಳಲ್ಲಿ ಸುಮಾರು ಮೂರಕ್ಕೊಂದರಲ್ಲಿ ಇ. ಕೋಲಿ ಸಿಕ್ಕಿತ್ತು. ಇದು ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಗುಂಪಿಗೆ ಸೇರಿದ್ದು. 24 ಗಂಟೆ ನೀರಿರುವ ವಾರ್ಡುಗಳಲ್ಲಿ ಅದು ಸಿಕ್ಕಿದ್ದು ನೂರಕ್ಕೊಂದಕ್ಕಿಂತ ಕಡಿಮೆ ಮಾದರಿಗಳಲ್ಲಿ.

ಟೈಫಾಯ್ಡ್, ಕಾಲರಾ, ಕಾಮಾಲೆಯ ರೋಗಾಣುಗಳನ್ನು ಒಂದೊಂದಾಗಿ ಹುಡುಕುವುದು ಕಷ್ಟ. ಮನುಷ್ಯರ, ದನಕರುಗಳ ಕರುಳಿನಲ್ಲಿ ಕೋಟಿಗಟ್ಟಲೆ ಇರುವ ಇ. ಕೋಲಿಯನ್ನು ಹುಡುಕುವುದು ಸುಲಭ. ಅದು ಬಹುಪಾಲು ನಿರುಪದ್ರವಿ. ಆದರೆ ನೀರಿನಲ್ಲಿ ಸಿಕ್ಕಿತೆಂದರೆ ಮಲ ಸೇರಿದೆ, ರೋಗಾಣುಗಳೂ ಬಂದಿರಬಹುದು. ಉಳಿದ ಕೆಲವು ಕೋಲಿಫಾರ್ಮ್‌ಗಳು ಮಣ್ಣಿನಿಂದಲೂ ಬರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿ.ಲೀ.ನಲ್ಲಿ ಯಾವುದೂ ಕಾಣಿಸಕೂಡದು.

ಮೊದಲು ಪ್ರಯೋಗಾಲಯದಿಂದಲೇ ಬಾಟಲಿ ತನ್ನಿ. ಅದನ್ನು ತೊಳೆಯಬೇಡಿ! ನೀರಿನ ಕ್ಲೋರಿನ್ ಬಾಟಲಿಯಲ್ಲೂ ಬ್ಯಾಕ್ಟೀರಿಯಾ ಕೊಲ್ಲುತ್ತಿರಬಾರದೆಂದು ಒಳಗೆ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಸಂಪಿನ ನೀರು ಬೇಡ, ಓಣಿಯ ಕೊಳವೆಯಿಂದ ನೇರ ಬರುವ ನಳವೇ ಆಗಬೇಕು. ಅರಿವೆ, ರಬ್ಬರ್ ಪೈಪು ಬಿಚ್ಚಿ, ಬಾಯಿಯನ್ನು ಸ್ಪಿರಿಟ್‌ನಿಂದ ಒರೆಸಿ, ಎರಡು-ಮೂರು ನಿಮಿಷ ನೀರು ಹರಿಯಬಿಡಿ. ಮುಚ್ಚಳದ ಒಳಭಾಗ ಮುಟ್ಟದೆ, ಮೇಲೆ ಒಂದಿಂಚು ಖಾಲಿ ಬಿಟ್ಟು ತುಂಬಿ. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿದರೆ ಒಳ್ಳೆಯದು.

ಈ ಕ್ರಮ ಸರಿಯೇ. ಆದರೆ ನಮ್ಮ ಊರಿಗೆ ಇಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ. ಹೆಚ್ಚು ಹೊಲಸು ಇರುವುದು ನಳ ಬಿಟ್ಟೊಡನೆ ಬರುವ ನೀರಿನಲ್ಲಿ. ಅದಕ್ಕೇ ಇನ್ನೊಂದು ಬಾಟಲಿ ಇಡಿ. ಮೂರನೆಯದನ್ನು ಕುಡಿಯುವ ಕೊಡದಿಂದ ತುಂಬಿ. ನಳದ್ದು ಸರಿಯಿದ್ದು ಕೊಡದ್ದು ಕೆಟ್ಟಿದ್ದರೆ ತಪ್ಪು ಮನೆಯೊಳಗಿದೆ: ಸಂಪು, ತಂಬಿಗೆ ಅಥವಾ ಅದನ್ನು ಅದ್ದುವ ಕೈ.

ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಬಾಟಲಿ (ಮನೆಯಲ್ಲೇ ನೀರು ಪರೀಕ್ಷಿಸುವ ಸಣ್ಣ ಬಾಟಲಿ) ಕೇಳಿ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿಡಿ. 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಆ ನೀರು ನಂಬಬೇಡಿ. ಇದು ಕೋಲಿಫಾರ್ಮ್ ಎಣಿಸುವುದಿಲ್ಲ, ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

ಫಲಿತಾಂಶ ಕೆಟ್ಟದ್ದಿದ್ದರೆ ಕಾಯಬೇಡಿ, ಅಂದಿನಿಂದಲೇ ನೀರನ್ನು ಕೊತಕೊತ ಕುದಿಸಿ ಕುಡಿಯಿರಿ. ನಳದ ನೀರೇ ಕೆಟ್ಟಿದ್ದರೆ ವರದಿಯ ಪ್ರತಿಯೊಡನೆ ದೂರು ಕೊಡಿ. ಕೊಳವೆ ದುರಸ್ತಿಯಾದ ಮೇಲೆ ಅದೇ ನಳದ ಮೊದಲ ನೀರನ್ನು ಇನ್ನೊಮ್ಮೆ ಪರೀಕ್ಷೆಗೆ ಕಳಿಸಿ.