22 ಸಾವಿರದಲ್ಲಿ ಒಂದು ವರ್ಷ: ಮೈಸೂರಿನ ನಮ್ಮ ಮನೆ ಲೆಕ್ಕ

2024ರ ಯುಗಾದಿಯ ಹೊತ್ತಿಗೆ ನಮ್ಮ ಮನೆಗೆ ಬರುತ್ತಿದ್ದ ಹಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು. ಗೋದಾಮೊಂದರಲ್ಲಿ ತಿಂಗಳಿಗೆ 16 ಸಾವಿರದ ಕೆಲಸ ಸಿಕ್ಕಿತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕುತ್ತೇನೆ. ಅದರಿಂದ ಸರಾಸರಿ 6 ಸಾವಿರ. ಮನೆಯಲ್ಲಿ ನಾಲ್ಕು ಜನ: ನಾವಿಬ್ಬರು, ಅತ್ತೆ, ಏಳನೇ ಕ್ಲಾಸು ಮುಗಿಸಿದ ಮಗಳು. ಸಾಲ ಮಾಡದೆ ಒಂದು ವರ್ಷ ದಾಟಬೇಕು ಅಂತ ತೀರ್ಮಾನ ಮಾಡಿದೆವು. ದಾಟಿದೆವು ಕೂಡ. ಹೇಗೆ ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಬಾಡಿಗೆ 7,500. ದಿನಸಿ 4,500. ಹಾಲು 1,400. ತರಕಾರಿ 1,200. ಗ್ಯಾಸಿಗೆ ಎತ್ತಿಡುವುದು 500. ಪೆಟ್ರೋಲು 800. ಫೋನ್ ರೀಚಾರ್ಜ್ 500. ಅತ್ತೆಯ ಔಷಧಿ 700. ಹಳೇ ಚೀಟಿಯೊಂದು ನಡೆಯುತ್ತಿತ್ತು, ಅದರ ಕಂತು 2,000. ಇಷ್ಟಕ್ಕೇ 19,100 ಆಯಿತು. ಉಳಿಯುವ 2,900ರಲ್ಲಿ ಮಗಳ ಓದು, ಜ್ವರ ನೆಗಡಿ, ಚಪ್ಪಲಿ, ಹಬ್ಬ, ಮದುವೆ ಎಲ್ಲ ಆಗಬೇಕು.

ಈ ಪಟ್ಟಿ ನೋಡಿದ ಯಾರೇ ಆಗಲಿ ದಿನಸಿ ಕಡಿಮೆ ಮಾಡಿ ಎನ್ನುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಅದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಪಟ್ಟಿಯಲ್ಲೇ ಇಲ್ಲದ ಖರ್ಚು. ಮರ್ಯಾದೆಯ ಖರ್ಚು. ಅದಕ್ಕೆ ಆಮೇಲೆ ಬರುತ್ತೇನೆ.

ದಿನಸಿಯನ್ನು ಸಂತೇಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ತಿಂಗಳಿಗೊಮ್ಮೆ ತರುವ ಪದ್ಧತಿ ಮಾಡಿಕೊಂಡೆ. ತರಲು ಹೋಗುವುದು ನಾನೇ. ಕಾರಣ ಸುಲಭ, ನನಗೆ ಬಸ್ಸು ಫ್ರೀ! ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ನಮ್ಮ ಮನೆಯ ಹೊರಗಿನ ಕೆಲಸಗಳೆಲ್ಲ ನನ್ನ ತಲೆಗೆ ಬಂದವು. ಇದನ್ನು ದೂರು ಅಂತಲೂ ಓದಿಕೊಳ್ಳಬಹುದು. ತಿಂಗಳ ಸಾಮಾನು ಒಟ್ಟಿಗೆ ತಂದರೆ ದರದಲ್ಲಿ ಉಳಿಯುವುದು ಸ್ವಲ್ಪವೇ. ನಿಜವಾಗಿ ಉಳಿಯುವುದು ಬೀದಿ ಕೊನೆಯ ಅಂಗಡಿಗೆ ಕೊತ್ತಂಬರಿ ಬೀಜಕ್ಕೆ ಅಂತ ಹೋಗಿ ಬಿಸ್ಕತ್ತು, ಚಿಪ್ಸು ಹಿಡಿದುಕೊಂಡು ಬರುವುದು ನಿಂತಾಗ. ದೋಸೆಗೆ ಅಕ್ಕಿ ಬದಲು ನುಚ್ಚು ತಂದೆ. ರುಬ್ಬಿದ ಮೇಲೆ ವ್ಯತ್ಯಾಸ ಯಾರಿಗೂ ಗೊತ್ತಾಗಲಿಲ್ಲ. ತರಕಾರಿಗೆ ಎಂ.ಜಿ. ರಸ್ತೆ ಮಾರುಕಟ್ಟೆಗೆ ಸಂಜೆ ಕತ್ತಲಾಗುವ ಹೊತ್ತಿಗೆ ಹೋಗುವುದು. ಆಗ ಕೆಜಿ ಲೆಕ್ಕ ಬಿಟ್ಟು ಗುಡ್ಡೆ ಲೆಕ್ಕದಲ್ಲಿ ಕೊಡುತ್ತಾರೆ. ಗುಡ್ಡೆಯಲ್ಲಿ ಎರಡು ಬದನೆಕಾಯಿ ಹುಳುಕು ಇದ್ದರೂ ಲಾಭವೇ.

ಅಡುಗೆಯಲ್ಲಿ ನನಗೆ ದಾರಿ ತೋರಿಸಿದವರು ಅತ್ತೆ. ಅವರು ಮದ್ದೂರು ಕಡೆಯವರು. ಆ ವರ್ಷ ತೊಗರಿಬೇಳೆ ಕೆಜಿಗೆ 150 ದಾಟಿತ್ತು. ನಾವು ದಿನಾ ಗಟ್ಟಿ ಸಾಂಬಾರು ತಿನ್ನುವವರು. ಅತ್ತೆ ಹೇಳಿದ್ದು ಇಷ್ಟೇ: "ಬೇಳೆ ಒಂದು ಹಿಡಿ ಹಾಕವ್ವ, ಸೊಪ್ಪು ಒಂದು ಕಟ್ಟು ಜಾಸ್ತಿ ಹಾಕು, ಬಸಿ."

ಬಸ್ಸಾರು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂದು ಹಿಡಿ ಬೇಳೆ ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ದಂಟಿನ ಸೊಪ್ಪು ಹಾಕಿ ಬೇಯಿಸಬೇಕು. ಬೇಳೆ ಕರಗಬಾರದು, ಬೆರಳಲ್ಲಿ ಒತ್ತಿದರೆ ಮುರಿಯಬೇಕು ಅಷ್ಟೇ. ಆಮೇಲೆ ನೀರು ಬಸಿದುಕೊಳ್ಳುವುದು. ಮೇಲೆ ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಅದರಲ್ಲೇ ಒಂದು ಚಮಚ ಎತ್ತಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಸಾರಿನ ಪುಡಿ, ಹುಣಸೆಹಣ್ಣು, ಒಂದು ಚೂರು ಕಾಯಿ ಸೇರಿಸಿ ರುಬ್ಬಿ, ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಮಧ್ಯಾಹ್ನ ಅನ್ನಕ್ಕೆ ಪಲ್ಯ, ರಾತ್ರಿ ಮುದ್ದೆಗೆ ಸಾರು. ಮಾರನೆಯ ದಿನ ಕಾಯಿಸಿದ ಸಾರು ಇನ್ನೂ ರುಚಿ. ಒಂದು ಹಿಡಿ ಬೇಳೆಯಲ್ಲಿ ನಾಲ್ಕು ಜನರ ಎರಡು ಊಟ.

ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿತು. ಕಚ್ಚಾ ಎಣ್ಣೆಯ ಮೇಲೆ 5.5% ಇದ್ದದ್ದು 27.5% ಆಯಿತು. ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ಟಿನ ದರ ನೋಡಿ ನಾನು ಅಂಗಡಿಯಲ್ಲೇ ನಿಂತುಬಿಟ್ಟೆ. ಅದರ ಹಿಂದೆಯೇ ತೆಂಗಿನಕಾಯಿಯೂ ಏರಿತು. ಆಗ ಕೈಹಿಡಿದದ್ದು ಉಪ್ಸಾರು. ಸೊಪ್ಪು ಕಾಳು ಬಸಿದ ನೀರಿಗೆ ಬರೀ ಉಪ್ಪು. ಪಕ್ಕದಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಸೇರಿಸಿ ರುಬ್ಬಿದ ಖಾರ. ಎಷ್ಟು ಬೇಕೋ ಅಷ್ಟು ಕಲಸಿಕೊಂಡು ಮುದ್ದೆ ನುಂಗುವುದು. ಎಣ್ಣೆಯೂ ಬೇಡ, ಕಾಯಿಯೂ ಬೇಡ. ಅಕ್ಕಿ ಕಡಿಮೆಯಾಗಿ ರಾಗಿ ಜಾಸ್ತಿಯಾಯಿತು. ಮಗಳು ಮೊದಲ ತಿಂಗಳು ಮುದ್ದೆ ಎಂದರೆ ಮುಖ ಸಿಂಡರಿಸುತ್ತಿದ್ದಳು. ಹುರಳಿಕಾಳಿನ ಉಪ್ಸಾರಿಗೆ ಮಾತ್ರ ಈಗ ಅವಳೇ ಮುದ್ದೆ ಕೇಳುತ್ತಾಳೆ.

ಕರೆಂಟಿನ ವಿಷಯದಲ್ಲಿ ಒಂದು ಮಾತು. ಗೃಹಜ್ಯೋತಿಯಲ್ಲಿ ಕರೆಂಟು ಫ್ರೀ ಅಲ್ವಾ, ಇಂಡಕ್ಷನ್ ಒಲೆ ತಗೊಂಡು ಗ್ಯಾಸು ಉಳಿಸಿ ಎಂದು ತುಂಬಾ ಜನ ಹೇಳಿದರು. ಎಲ್ಲರಿಗೂ 200 ಯೂನಿಟ್ ಫ್ರೀ ಇಲ್ಲ. ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಒಂದು ಮಿತಿ ಇಟ್ಟಿದ್ದಾರೆ. ಅದು ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ನಮ್ಮ ಮಿತಿ 74 ಯೂನಿಟ್, ನಾವು ಉರಿಸುತ್ತಿದ್ದದ್ದು 60ರ ಆಸುಪಾಸು. 2,000 ವಾಟಿನ ಇಂಡಕ್ಷನ್ ಪೂರ್ತಿ ಉರಿಯಲ್ಲಿ ಅರ್ಧ ಗಂಟೆ ಇಟ್ಟರೆ ಒಂದು ಯೂನಿಟ್. ಅಂದರೆ ನಮಗೆ ದಿನಕ್ಕೆ ಸಿಗುವುದು ಹೆಚ್ಚೆಂದರೆ ಕಾಲು ಗಂಟೆ. ತಂಗಿಯ ಮನೆಯಲ್ಲಿ ಸುಮ್ನೆ ಕೂತಿದ್ದ ಒಲೆ ಇಸಿದುಕೊಂಡು ಬಂದು, ಬೆಳಗಿನ ಹಾಲು ಮತ್ತು ಕಾಫಿಯ ನೀರು ಅದರಲ್ಲಿ ಕಾಯಿಸುತ್ತಿದ್ದೆ. ಅದಕ್ಕಿಂತ ಒಂದು ಪಾತ್ರೆಯೂ ಹೆಚ್ಚಿಲ್ಲ. ಮೀಟರ್ ನೋಡುವ ಕೆಲಸ ಮಗಳದು. ಬೇಳೆ ಕಾಳು ರಾತ್ರಿಯೇ ನೆನೆಸುವುದು, ಕುಕ್ಕರಿನಲ್ಲಿ ಅನ್ನ ಬೇಳೆ ಒಟ್ಟಿಗೆ ಇಡುವುದು, ಒಂದು ಕೂಗಿಗೆ ಒಲೆ ಆರಿಸಿ ಹಳೇ ಕಂಬಳಿ ಸುತ್ತಿಡುವುದು, ಇವೆಲ್ಲ ಸೇರಿ 800 ಚಿಲ್ಲರೆಯ ಸಿಲಿಂಡರ್ ಎರಡು ತಿಂಗಳ ಹತ್ತಿರ ಬರತೊಡಗಿತು.

ಔಷಧಿಗೆ ಜನೌಷಧಿ ಕೇಂದ್ರ. ಅತ್ತೆಗೆ ಬಿಪಿ, ಶುಗರ್ ಎರಡೂ ಇವೆ. ಡಾಕ್ಟರ ಹತ್ತಿರ ಕಂಪನಿ ಹೆಸರಿನ ಬದಲು ಮದ್ದಿನ ಹೆಸರನ್ನೇ ಬರೆದುಕೊಡಿ ಎಂದು ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. 700 ಅಂತ ಎತ್ತಿಟ್ಟಿದ್ದರಲ್ಲಿ ಎಷ್ಟೋ ತಿಂಗಳು ಮಿಕ್ಕುತ್ತಿತ್ತು.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನಾನು ಲೆಕ್ಕಕ್ಕೇ ಸೇರಿಸಿಲ್ಲ, ಗಮನಿಸಿರಬಹುದು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಹಣ ಬರುವುದು ಅವರ ಖಾತೆಗೆ. ಕೆಲವು ತಿಂಗಳು ಬರುವುದಿಲ್ಲ, ಕೆಲವೊಮ್ಮೆ ಎರಡು ಕಂತು ಒಟ್ಟಿಗೆ ಬೀಳುತ್ತವೆ. ಹಾಗಾಗಿ ಅದನ್ನು ನಂಬಿ ಬಾಡಿಗೆ ಕಟ್ಟಲಾಗದು. ಅದಕ್ಕಿಂತ ದೊಡ್ಡ ವಿಷಯ ಅದು ಅವರ ಹಣ. ಎಪ್ಪತ್ತರ ಹತ್ತಿರದ ಅವರ ಹೆಸರಲ್ಲಿ ಅಷ್ಟು ವರ್ಷದಲ್ಲಿ ಮೊದಲ ಸಲ ಬ್ಯಾಂಕಿನಲ್ಲಿ ದುಡ್ಡು ಇತ್ತು. ನಮ್ಮ ಯಜಮಾನರು ಒಂದು ದಿನ ಕೇಳಲು ಬಾಯಿ ತೆರೆದರು. ನಾನು ಕಣ್ಣಲ್ಲೇ ತಡೆದೆ.

ಈಗ ಮರ್ಯಾದೆಯ ಖರ್ಚು.

ಮಗಳು ಖಾಸಗಿ ಶಾಲೆಯಲ್ಲಿದ್ದಳು. ವರ್ಷಕ್ಕೆ 42 ಸಾವಿರ ಫೀಸು, ವ್ಯಾನಿಗೆ ಬೇರೆ. ನಮ್ಮ 22 ಸಾವಿರದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಜೂನ್‌ನಲ್ಲಿ ಅವಳನ್ನು ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಮಾಧ್ಯಮದ ಎಂಟನೇ ತರಗತಿಗೆ ಸೇರಿಸಿದೆವು. ಪಠ್ಯಪುಸ್ತಕ ಫ್ರೀ, ಮಧ್ಯಾಹ್ನ ಬಿಸಿಯೂಟ, ಹಾಲು, ಮೊಟ್ಟೆ. ಆ ವರ್ಷವೇ ಮೊಟ್ಟೆ ವಾರಕ್ಕೆ ಆರು ದಿನ ಆಯಿತು. ಸಮವಸ್ತ್ರದ ಬಟ್ಟೆ ಕೊಟ್ಟರು, ನಾನೇ ಹೊಲಿದೆ. ಇಡೀ ವರ್ಷ ಬೇಳೆ, ಎಣ್ಣೆ, ಗ್ಯಾಸಿನಲ್ಲಿ ಹಿಡಿದದ್ದೆಲ್ಲ ಸೇರಿಸಿದರೂ ಈ ಒಂದೇ ಉಳಿತಾಯಕ್ಕೆ ಸಮ ಬರುವುದಿಲ್ಲ.

ಆದರೆ ಬಸ್ಸಾರು ಮಾಡಿದ್ದಕ್ಕೆ ಯಾರೂ ಏನೂ ಕೇಳಲಿಲ್ಲ, ಇದಕ್ಕೆ ಎಲ್ಲರೂ ಕೇಳಿದರು. "ಯಾಕೆ, ಅಲ್ಲಿ ಓದು ಸರಿ ಇರಲಿಲ್ವಾ?" ಅಂತ ನಾದಿನಿ. ಗೊತ್ತಿದ್ದೂ ಕೇಳುವುದು. ಮೊದಮೊದಲು ನಾನು ಶಾಲೆ ದೂರ, ವ್ಯಾನು ಸರಿ ಇಲ್ಲ ಎಂದೆಲ್ಲ ಕಾರಣ ಹೇಳುತ್ತಿದ್ದೆ. ಆಮೇಲೆ "ಫೀಸು ಕಟ್ಟಕ್ಕೆ ಆಗ್ಲಿಲ್ಲ" ಅಂತ ನೇರವಾಗಿ ಹೇಳತೊಡಗಿದೆ. ಹಾಗೆ ಹೇಳಿದರೆ ಎದುರಿನವರೇ ಮಾತು ಬದಲಿಸುತ್ತಾರೆ. ಮಗಳಿಗೆ ಇಂಗ್ಲಿಷ್ ಮಾತಾಡುವ ಅಭ್ಯಾಸ ಕಡಿಮೆಯಾಯಿತು, ಅದು ನಿಜ. ಗಣಿತದ ಮೇಷ್ಟ್ರು ಮಾತ್ರ ಹಳೇ ಶಾಲೆಯಲ್ಲಿ ಇಂಥವರು ಇರಲಿಲ್ಲ ಎನ್ನುವ ಹಾಗಿದ್ದಾರೆ. ಫ್ರೆಂಡ್ಸ್ ಹೋದರು ಎಂದು ಅವಳು ಆಷಾಢದ ತನಕ ಮುಖ ಊದಿಸಿಕೊಂಡಿದ್ದಳು. ಅದಕ್ಕೆ ನಮ್ಮ ಹತ್ತಿರ ಮದ್ದಿರಲಿಲ್ಲ.

ಕಾಫಿಯೂ ಇದೇ ಜಾತಿಯದು. ಚಿಕೋರಿ ಕಡಿಮೆ ಇರುವ ಪುಡಿ ಬಿಟ್ಟು ನೂರಕ್ಕೆ 40 ಚಿಕೋರಿ ಇರುವ ಪುಡಿಗೆ ಇಳಿದೆವು. 49ರವರೆಗೂ ಬೆರೆಸಲು ಕಾನೂನಿನಲ್ಲೇ ಅವಕಾಶ ಇದೆ. ಡಿಕಾಕ್ಷನ್ ಕಪ್ಪಗೆ ಇಳಿಯುತ್ತದೆ, ಘಮ ಇರುವುದಿಲ್ಲ. ಮೊದಲ ಡಿಕಾಕ್ಷನ್ ಬಂದವರಿಗೆ, ಎರಡನೆಯದು ನಮಗೆ. ಅತ್ತೆ ಒಪ್ಪಿದ ಮೇಲೆ ಇದೂ ರೂಢಿಯಾಯಿತು.

ರೂಢಿಯಾಗದೆ ಉಳಿದದ್ದು ಮುಯ್ಯಿ. ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ ಅಂತ ತಿಂಗಳಿಗೆ ಎರಡು ಮೂರು ಕರೆ. ಒಂದಕ್ಕೆ 500 ಎಂದರೂ ಉಳಿದ 2,900ರಲ್ಲಿ ಅರ್ಧ ಅಲ್ಲೇ ಹೋಯಿತು. ಹೋಗದೇ ಇರೋಣ ಎಂದೆ. ಅತ್ತೆ ಕೇಳಲಿಲ್ಲ. "ಮುಯ್ಯಿ ಅನ್ನೋದು ಸಾಲ ಕಣವ್ವ. ತೀರಿಸದೆ ಬಿಟ್ರೆ ಬಡ್ಡಿ ಮಾತಲ್ಲಿ ಬರ್ತದೆ." ಅವರ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಇದೆ. ನಮ್ಮ ಮದುವೆಯಿಂದ ಹಿಡಿದು ಮಗಳ ನಾಮಕರಣದವರೆಗೆ ಯಾರು ಎಷ್ಟು ಹಾಕಿದ್ದರು ಎಂದು ಪೂರ್ತಿ ಬರೆದಿಟ್ಟಿದ್ದಾರೆ. ಇಬ್ಬರೂ ಕೂತು ಅದನ್ನು ಓದಿದೆವು. 101, 51, ಒಂದು ಸ್ಟೀಲ್ ಡಬ್ಬ, ಒಂದು ರವಿಕೆ ಕಣ. ನಾವು ಸುಮ್ನೆ 500 ಹಾಕುತ್ತಿದ್ದ ಎಷ್ಟೋ ಮನೆಗಳಿಂದ ನಮಗೆ ಬಂದಿದ್ದು 51! ಆಗಿನ 51ಕ್ಕೆ ಈಗ 51 ಹಾಕಲಾಗುವುದಿಲ್ಲ, ಸರಿ. 201 ಹಾಕಬಹುದು ಎಂದು ಅತ್ತೆ ತೀರ್ಪು ಕೊಟ್ಟರು. ನಮ್ಮ ಮನೆಗೆ ಬಂದೇ ಇರದವರ ಕರೆಗೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ ಬರುವುದು.

ಹತ್ತಿರದ ನೆಂಟರಿಗೆ ಬೇರೆ ದಾರಿ ಹುಡುಕಿದೆ. ಬೀರುವಿನಲ್ಲಿ ರವಿಕೆ ಕಣಗಳ ರಾಶಿಯೇ ಇತ್ತು. ಯಾರೋ ಕೊಟ್ಟದ್ದು, ನಾವು ಯಾರಿಗೋ ಕೊಡುವುದು, ಅವರು ಮತ್ಯಾರಿಗೋ. ಹೊಲಿಯಲು ಸಾಲದ, ಬಣ್ಣ ಬಿಡುವ ಈ ಕಣಗಳು ಮೈಸೂರು ತುಂಬಾ ಸುತ್ತುತ್ತಲೇ ಇರುತ್ತವೆ. ಅವನ್ನು ಕತ್ತರಿಸಿ, ಒಳಗೆ ಲೈನಿಂಗ್ ಕೊಟ್ಟು, ಬ್ಲೌಸಿನಲ್ಲಿ ಉಳಿದ ಬಾರ್ಡರ್ ಪಟ್ಟಿ ಬಾಯಿಗೆ ಹೊಲಿದು ತಾಂಬೂಲದ ಚೀಲ ಮಾಡಿದೆ. ಅಕ್ಕನ ಮಗಳ ಮದುವೆಗೆ ಹಣದ ಬದಲು ನೂರು ಚೀಲ ಹೊಲಿದುಕೊಟ್ಟೆ. ಅಕ್ಕ ಅದರಲ್ಲೇ ತೆಂಗಿನಕಾಯಿ ಹಾಕಿ ಹಂಚಿದಳು. ಅಲ್ಲಿ ನೋಡಿದವರು ಇನ್ನೊಂದು ಗೃಹಪ್ರವೇಶಕ್ಕೆ ಆರ್ಡರ್ ಕೊಟ್ಟರು, ಚೀಲಕ್ಕೆ 25 ರೂಪಾಯಿಯಂತೆ. ಮಾಘ ಮಾಸದಲ್ಲಿ ಬ್ಲೌಸಿಗಿಂತ ಚೀಲದ ದುಡ್ಡೇ ಜಾಸ್ತಿ ಬಂತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಮಲ್ಲಿಗೆ, ಕನಕಾಂಬರ ಮುಟ್ಟುವ ಹಾಗಿರಲಿಲ್ಲ. ಹಿತ್ತಿಲ ಕಣಗಿಲೆ, ದಾಸವಾಳದಲ್ಲೇ ಮುಗಿಸಿದೆ. ಅರಿಶಿನ ಕುಂಕುಮಕ್ಕೆ ಬಂದವರ ಕಣ್ಣು ಕಳಶದ ಮೇಲಿತ್ತು. ಇರಲಿ.

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಅಷ್ಟರಲ್ಲಿ ಚೀಟಿ ಮುಗಿದಿತ್ತು, ಯಜಮಾನರ ಸಂಬಳ 19 ಸಾವಿರ ಆಗಿತ್ತು. ಹಬ್ಬ ಮುಗಿದು ಎರಡೇ ದಿನಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಹೊಸ ಪಟ್ಟಿ ಬರೆಯಲು ಕೂತೆವು. ಎಣ್ಣೆ, ಬೇಳೆ ಹಳೇ ಅಳತೆಯಲ್ಲೇ ಇವೆ. ಕಾಫಿ ಮಾತ್ರ ಹಳೇ ಪುಡಿಗೆ ವಾಪಸ್ ಹೋಗೋಣ ಎಂದುಕೊಂಡರೆ ಅಷ್ಟರಲ್ಲಿ ಪುಡಿಯ ದರವೇ ವಿಪರೀತ ಏರಿ ಕೂತಿತ್ತು. ಮಗಳು ಅದೇ ಶಾಲೆಯಲ್ಲಿ ಒಂಬತ್ತಕ್ಕೆ ಹೋಗುತ್ತಾಳೆ. ಅದನ್ನು ಅವಳೇ ಹೇಳಿದಳು.

ಒಂದು ಸಾಲು ಹೊಸದಾಗಿ ಸೇರಿಸಿದ್ದೇನೆ: ಮುಯ್ಯಿ, ತಿಂಗಳಿಗೆ 600. ಅತ್ತೆ ಅದು ಸಾಲದು ಎನ್ನುತ್ತಾರೆ, ವೈಶಾಖದಲ್ಲೇ ಮೂರು ಮದುವೆ ಇವೆಯಂತೆ. ಕಡಿಮೆ ಬಿದ್ದರೆ ತಮ್ಮ ಖಾತೆಯಿಂದ ಕೊಡುತ್ತಾರಂತೆ. ನೋಟ್‌ಬುಕ್ಕಿನಲ್ಲಿ ಮಾತ್ರ ಅದನ್ನು ಅವರ ಹೆಸರಲ್ಲೇ ಬರೆಯಬೇಕಂತೆ.